ತೋಟದ ರೈಟ್ರು, ಪೇಟೆಯ ಎಂಟು ಮನೆ

ಬಾಡಿಗೆ ಮನೆ ನೋಡಿಕೊಳ್ಳೋ ಕೆಲಸದಲ್ಲಿ ಏನೂ ಆಗದ ವಾರ ಅಂತ ಒಂದನ್ನೂ ನಾನು ಕಂಡಿಲ್ಲ. ಸೋಮವಾರ ನಲ್ಲಿ ಕಿತ್ತು ಬರುತ್ತೆ, ಮಂಗಳವಾರ ಯಾರೋ ಬೀಗದ ಕೈ ಒಳಗೇ ಬಿಟ್ಟು ಬಾಗಿಲು ಎಳೆದುಕೊಳ್ತಾರೆ, ಬುಧವಾರ ಎಲ್ಲ ಸರಿ ಇದೆ ಅನ್ನೋಷ್ಟರಲ್ಲಿ ನಾನೇ ಒಂದು ಎಡವಟ್ಟು ಮಾಡಿರ್ತೀನಿ.

ಮೊದಲು ನಾನು ಮೂಡಿಗೆರೆ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ತಗೊಳ್ಳೋದು, ಸಂಜೆ ಆ ದಿನದ ಸಮಾಚಾರ ಸಾವ್ಕಾರ್ರಿಗೆ ಒಪ್ಪಿಸೋದು, ಇಷ್ಟೇ ಪ್ರಪಂಚ. ತೊಂಬತ್ತರ ದಶಕದ ನಡುವೆ ಕಾಫಿಗೆ ಒಳ್ಳೆ ರೇಟು ಬಂತು. ಸಾವ್ಕಾರ್ರು ಚಿಕ್ಕಮಗಳೂರಲ್ಲಿ ಒಂದೇ ಕಾಂಪೌಂಡಿನೊಳಗೆ ಎಂಟು ಮನೆ ಕಟ್ಟಿಸಿದರು. ಬಾಡಿಗೆಗೆ ಬಂದವರೆಲ್ಲ ನೌಕರಿಯವರು.

"ಆರು ತಿಂಗಳು ನೀನು ನೋಡ್ಕೋ" ಅಂದರು ಸಾವ್ಕಾರ್ರು. "ಸರಿ ಹೋದ್ರೆ ನೀನೇ ಮ್ಯಾನೇಜರ್. ಇಲ್ದಿದ್ರೆ ವಾಪಸ್ ತೋಟಕ್ಕೆ."

ನನಗೆ ಮ್ಯಾನೇಜರ್ ಪಟ್ಟಕ್ಕಿಂತ ಮಗಳ ಚಿಂತೆ. ತೋಟದ ಹತ್ತಿರ ನಾಲ್ಕನೇ ಕ್ಲಾಸಿನ ಮೇಲೆ ಸ್ಕೂಲಿರಲಿಲ್ಲ. ಪೇಟೆಯಲ್ಲಿ ಉಳಿದರೆ ಅವಳು ಓದ್ತಾಳೆ, ಇಲ್ಲದಿದ್ದರೆ ಇಲ್ಲ. ಹೆಂಡತಿ ಮಗಳ ಸಮೇತ ಕಾಂಪೌಂಡಿನ ಮೂಲೆಯ ಔಟ್‌ಹೌಸಿಗೆ ಬಂದಿಳಿದೆ.

ಹಾಜರಿ

ಕೆಲಸ ಅಂದ್ರೆ ನನಗೆ ಗೊತ್ತಿದ್ದದ್ದು ಒಂದೇ ಕ್ರಮ. ಮೊದಲ ದಿನ ಬೆಳಿಗ್ಗೆ ಏಳೂವರೆಗೆ, ತೋಟದಲ್ಲಿ ಮಾಡೋ ಹಾಗೇ, ಮಾವಿನ ಮರಕ್ಕೆ ಒಂದು ತುಂಡು ಕಂಬಿ ನೇತುಹಾಕಿ ಢಣಢಣ ಬಾರಿಸಿದೆ.

ಎಂಟೂ ಬಾಗಿಲು ಒಟ್ಟಿಗೇ ತೆರೆದವು. ಎಲ್ಲೋ ಬೆಂಕಿ ಬಿದ್ದಿದೆ ಅಂತ ಬ್ಯಾಂಕ್ ಆಫೀಸರು ಅರ್ಧ ಗಡ್ಡ ಬೋಳಿಸಿಕೊಂಡೇ ಓಡಿ ಬಂದರು. ಇಂಜಿನಿಯರು ಲುಂಗಿ ಎತ್ತಿ ಹಿಡಿದುಕೊಂಡು ಬಂದರು. ನಾನು ಪುಸ್ತಕ ಬಿಚ್ಚಿ, "ಒಂದನೇ ಮನೆ, ಎಷ್ಟು ಜನ?" ಅಂದೆ.

ನಿತ್ಯ ಆಫೀಸಲ್ಲಿ ಸಹಿ ಹಾಕಿ ರೂಢಿಯಾದ ಜನ ನೋಡಿ, ಪುಸ್ತಕ ಕಂಡಕೂಡಲೇ ತೆಪ್ಪಗೆ ಸಾಲಾಗಿ ನಿಂತರು. ಬ್ಯಾಂಕ್ ಆಫೀಸರ ತಾಯಿ, ಮೂರನೇ ಮನೆ ಅಜ್ಜಿ, ಸೌಟು ಹಿಡಿದುಕೊಂಡೇ ಬಂದು, "ಕಾವಲಿ ಮೇಲೆ ದೋಸೆ ಇದೆ, ನಂದು ಬೇಗ ಬರ್ಕೋ ಮಾರಾಯ" ಅಂದರು.

ಕೊನೆಗೆ ಕಾಲೇಜು ಮೇಷ್ಟ್ರು ಹತ್ತಿರ ಬಂದು ಮೆಲ್ಲಗೆ ಕೇಳಿದರು. "ರೈಟ್ರೇ, ನಾಳೆ ಮೈಸೂರಲ್ಲಿ ನೆಂಟರ ಮದುವೆ ಇದೆ. ರಜಾ ಚೀಟಿ ನಿಮಗೇ ಕೊಡ್ಬೇಕಾ?"

ನಾನು ಪುಸ್ತಕದಿಂದ ತಲೆ ಎತ್ತದೆ, "ಹ್ಞೂ, ಮುಂಚಿತವಾಗಿ ಕೊಡಿ" ಅಂದೆ.

ಸೋರೋ ಮನೆ

ಸ್ವಲ್ಪ ದಿನಕ್ಕೆ ಏಳನೇ ಮನೆ ಖಾಲಿ ಆಯಿತು. ಹೊಸದಾಗಿ ಊರಿಗೆ ಬಂದ ದನದ ಡಾಕ್ಟ್ರು ಹೆಂಡತಿ ಜೊತೆ ನೋಡೋಕೆ ಬಂದರು. ತೋಟದಲ್ಲಿ ಸಂಜೆ ಸಾವ್ಕಾರ್ರ ಮುಂದೆ ಇದ್ದದ್ದು ಇದ್ದ ಹಾಗೆ ಒಪ್ಪಿಸಬೇಕು, ಮುಚ್ಚಿಟ್ಟರೆ ಗ್ರಹಚಾರ. ಅದೇ ಅಭ್ಯಾಸದಲ್ಲಿ ಶುರು ಮಾಡಿದೆ.

"ಇದು ಹಾಲು. ಈ ಮೂಲೆ ಸೋರುತ್ತೆ. ಇದು ಅಡುಗೆಮನೆ. ಕಿಟಕಿ ಮುಚ್ಚಿದ್ರೆ ತೆಗೆಯೋಕಾಗಲ್ಲ, ತೆಗೆದ್ರೆ ಮುಚ್ಚೋಕಾಗಲ್ಲ. ಬಚ್ಚಲಲ್ಲಿ ಒಂದು ಕಪ್ಪೆ ಇರುತ್ತೆ. ಓಡಿಸಿದೀನಿ, ಮತ್ತೆ ಬರುತ್ತೆ."

ಡಾಕ್ಟ್ರು ಹೆಂಡತಿಯ ಮುಖ ನೋಡಿದರು. "ಆರು ಊರಲ್ಲಿ ಮನೆ ಮಾಡಿದೀವಿ ಮಾರಾಯ್ರೆ, ನಿಜ ಹೇಳಿದೋರು ನೀವೊಬ್ಬರೇ" ಅಂದು ಅಲ್ಲೇ ಒಪ್ಪಿಕೊಂಡರು. ನನಗೆ ಎಷ್ಟು ಖುಷಿಯಾಯಿತು ಅಂದ್ರೆ, ಆ ಮೂಲೆಯ ಹೆಂಚು ಅವತ್ತೇ ಸರಿ ಮಾಡಿಸಿದೆ.

ಜೂನಲ್ಲಿ ಮಳೆ ಹಿಡಿಯಿತು. ಡಾಕ್ಟ್ರು ಕೊಡೆ ಹಿಡಿದು ನಮ್ಮ ಬಾಗಿಲಿಗೆ ಬಂದರು, ಮುಖ ಸಿಡಿಸಿಡಿ. "ಇದು ನ್ಯಾಯವಾ ರೈಟ್ರೇ? ನೀವು ಹೇಳಿದ ಜಾಗ ನಂಬ್ಕೊಂಡು ಬಕೆಟ್ ಇಟ್ಟೆ. ಅಲ್ಲಿ ಒಂದು ಹನಿ ಬೀಳ್ಲಿಲ್ಲ, ಈಗ ಹಾಸಿಗೆ ಮೇಲೆ ಸೋರ್ತಾ ಇದೆ!"

ಹೊರನಾಡಿನ ಫಲ

ಐದನೇ ಮನೆಯವರು ಖಾಲಿ ಮಾಡಿದಾಗ, ಬಣ್ಣ ಹೊಡೆಸು ಅಂತ ಸಾವ್ಕಾರ್ರ ಫೋನ್ ಬಂತು. ಅದೇ ಹೊತ್ತಿಗೆ ನಾಲ್ಕನೇ ಮನೆಯ ಇಂಜಿನಿಯರು, ತುಳಸಿಗೆ ನೀರು ಹಾಕಿ ಅಂತ ಬೀಗದ ಕೈ ನನಗೆ ಕೊಟ್ಟು, ಸಂಸಾರ ಸಮೇತ ಹೊರನಾಡಿಗೆ ಹೋದರು. ಎರಡೂ ಬೀಗದ ಕೈ ಒಂದೇ ಜೇಬಲ್ಲಿ. ಬಣ್ಣದವನಿಗೆ ಯಾವುದು ಕೊಟ್ಟೆ ಅಂತ ಬೇರೆ ಹೇಳಬೇಕಾ?

ಆ ಪುಣ್ಯಾತ್ಮನೂ ಒಂದು ಮಾತು ಕೇಳಲಿಲ್ಲ. ಮಂಚ, ಬೀರು ಎಲ್ಲ ನಡುವಿಗೆ ಎಳೆದು, ಗೋಡೆಗೆ ಪಿಸ್ತಾ ಹಸಿರು ಬಳಿದೇ ಬಿಟ್ಟ. ನಾನು ನೋಡೋ ಹೊತ್ತಿಗೆ ಎರಡು ಕೋಟು ಮುಗಿದಿತ್ತು. ಇನ್ನು ತೋಟವೇ ಗತಿ ಅಂತ ತಲೆ ಮೇಲೆ ಕೈ ಹೊತ್ತು ಕೂತೆ.

ಮರುದಿನ ಅವರು ಬಂದರು. ಇಂಜಿನಿಯರ ಹೆಂಡತಿ ಬಾಗಿಲು ತೆಗೆದವರೇ ಎರಡೂ ಕೈ ಜೋಡಿಸಿದರು. "ರೀ, ನಿನ್ನೆ ತಾನೇ ಅಮ್ಮನವರ ಮುಂದೆ ನಿಂತು, ಮನೆ ಒಂದು ಚಂದ ಆಗ್ಲಿ ಅಂತ ಬೇಡ್ಕೊಂಡಿದ್ದೆ ಕಣ್ರೀ!" ನನ್ನ ಕೈಗೇ ಮೊದಲ ಪ್ರಸಾದ.

ಮುಂದಿನ ವಾರ ಮೂರು ಮನೆಯವರು ಹೊರನಾಡಿಗೆ ಹೊರಟರು. ಹೋಗುವಾಗ ಬೀಗದ ಕೈ ಕೊಟ್ಟು, ಯಾವ ಕೋಣೆಗೆ ಯಾವ ಬಣ್ಣ ಅಂತಲೂ ಹೇಳಿ ಹೋದರು.

ಪ್ರಮೋಷನ್

ಆರು ತಿಂಗಳು ಮುಗಿಯೋ ಹೊತ್ತಿಗೆ ಐದನೇ ಮನೆಗೂ ಹೊಸಬರು ಬಂದಿದ್ದರು. ಭಾನುವಾರ ಬರ್ತೀನಿ, ಎಲ್ಲ ಮನೆಯಲ್ಲೂ ನಿನ್ನ ಬಗ್ಗೆ ವಿಚಾರಿಸ್ತೀನಿ ಅಂದರು ಸಾವ್ಕಾರ್ರು. ನಾನು ಸೀದಾ ಮೂರನೇ ಮನೆ ಅಜ್ಜಿ ಹತ್ತಿರ ಹೋದೆ. "ಅಜ್ಜೀ, ಭಾನುವಾರ ನನ್ನ ಪ್ರಮೋಷನ್ ತೀರ್ಮಾನ. ಎಲ್ಲ ನಿಮ್ಮ ಕೈಲಿದೆ."

"ಪ್ರಮೋಷನ್ನಾ?" ಅಜ್ಜಿ ಮುಖ ಸಣ್ಣಗಾಯಿತು. ಆ ಸಂಜೆ ಎಂಟೂ ಮನೆಯವರು ಅಜ್ಜಿ ಜಗಲಿಯಲ್ಲಿ ಕೂತು ಗುಸುಗುಸು ಮಾತಾಡಿದರು. ನನ್ನ ಮೇಲೆ ಎಷ್ಟು ಅಭಿಮಾನ ನೋಡು ಅಂತ ಹೆಂಡತಿ ಮುಂದೆ ಹಿಗ್ಗಿದೆ.

ಭಾನುವಾರ ಸಾವ್ಕಾರ್ರ ಹಿಂದೆ ಕೈ ಕಟ್ಟಿಕೊಂಡು ಹೊರಟೆ.

"ಒಂದು ಕೆಲಸ ನೆಟ್ಟಗೆ ಮಾಡಲ್ಲ ಸಾರ್" ಅಂದರು ಇಂಜಿನಿಯರು. "ಭಾರೀ ಸೋಮಾರಿ" ಅಂದರು ಮೇಷ್ಟ್ರು, ಗೋಡೆ ನೋಡಿಕೊಂಡು. ದನದ ಡಾಕ್ಟ್ರು, "ಬರೀ ಸುಳ್ಳು ಹೇಳ್ತಾರೆ" ಅಂದುಬಿಟ್ಟರು. ಅಜ್ಜಿಯಂತೂ, "ಇಂಥ ದಂಡಪಿಂಡವನ್ನ ಜನ್ಮದಲ್ಲಿ ನೋಡಿಲ್ಲ" ಅಂತ ಬೈತಾ ಬೈತಾ ನನ್ನ ಕೈಗೆ ಒಂದು ಲೋಟ ಕಾಫಿ ಕೊಟ್ಟರು. ಮಗಳ ಸ್ಕೂಲ್ ಚೀಲ ನೆನಪಾಗಿ ಅಳುವೇ ಬಂತು.

ಗೇಟಿನ ಹತ್ತಿರ ಸಾವ್ಕಾರ್ರು ನಿಂತರು. "ಎಂಥದು ಮಾರಾಯ, ಎಂಟಕ್ಕೆ ಎಂಟೂ ಮನೆಯವರು ಬೈದ್ರಲ್ಲ! ನಾಳೆ ಗಂಟುಮೂಟೆ ಕಟ್ಟು, ತೋಟಕ್ಕೆ ನಡಿ."

ಅಜ್ಜಿ ಬರಿಗಾಲಲ್ಲಿ ಓಡಿ ಬಂದರು. ಹಿಂದೆಯೇ ಉಳಿದವರೂ ಬಂದರು. "ತೋಟಕ್ಕಾ? ಯಾಕೆ ಸಾವ್ಕಾರ್ರೇ? ನಾವು ಅಷ್ಟು ಚೆನ್ನಾಗಿ ಬೈದ್ವಲ್ಲ!"

"ಬೈದಿದ್ದಕ್ಕೇ ಅಲ್ವಾ ಕಳಿಸ್ತಿರೋದು?"

"ಅಯ್ಯೋ, ಕಳಿಸಬಾರದು ಅಂತಲೇ ಬೈದಿದ್ದು! ನನ್ನ ಮಗಂಗೆ ಮೂರು ಸಲ ಪ್ರಮೋಷನ್ ಆಯ್ತು. ಮೂರು ಸಲಾನೂ ಎತ್ತಿ ಬೇರೆ ಊರಿಗೆ ಹಾಕಿದ್ರು. ಇವರಿಗೂ ಪ್ರಮೋಷನ್ ಸಿಕ್ರೆ ಇಲ್ಲಿಂದ ಹೋಗ್ಬಿಡ್ತಾರಲ್ಲ ಅಂತ ಎಲ್ಲ ಸೇರಿ ತಪ್ಪಿಸೋಕೆ ನೋಡಿದ್ವಿ!"

"ನಮ್ಮ ಡಿಪಾರ್ಟ್‌ಮೆಂಟಲ್ಲೂ ಹಂಗೇ ಸಾರ್" ಅಂದರು ಇಂಜಿನಿಯರು.

ಸಾವ್ಕಾರ್ರು ಜೀಪಿಗೆ ಒರಗಿ ಹೊಟ್ಟೆ ಹಿಡಿದು ನಕ್ಕರು. ನಾನು ನಗಲೂ ಇಲ್ಲ, ಅಳು ನಿಲ್ಲಿಸಲೂ ಇಲ್ಲ. ನನ್ನನ್ನು ಉಳಿಸಿಕೊಳ್ಳೋಕೆ ಎಂಟು ಮನೆ ಜನ ಸೇರಿ ಬಾಯಿಗೆ ಬಂದಂತೆ ಬೈದರಲ್ಲ, ಆ ಋಣ ಹೇಗೆ ತೀರಿಸಲಿ? ಮುಂದೆ ನನ್ನ ಮಗಳು ಅದೇ ಕಾಂಪೌಂಡಿನಿಂದ ಕಾಲೇಜಿಗೂ ಹೋದಳು.

"ಮ್ಯಾನೇಜರ್ ಆದ್ರೂ ಇವನು ಇಲ್ಲೇ ಅಜ್ಜೀ, ಎಲ್ಲೂ ಹೋಗಲ್ಲ" ಅಂದರು ಸಾವ್ಕಾರ್ರು, ಕಣ್ಣೊರೆಸಿಕೊಂಡು.

ಅಜ್ಜಿ ಪೂರ್ತಿ ನಂಬಲಿಲ್ಲ. "ಸರಿ, ಇದೊಂದು ಸಲ ಮಾಡಿ" ಅಂದರು. "ಆದ್ರೆ ಇನ್ನು ಮೇಲೆ ಇವರು ಎಷ್ಟೇ ಚೆನ್ನಾಗಿ ಕೆಲಸ ಮಾಡಿದ್ರೂ ಪ್ರಮೋಷನ್ ಕೊಡಬೇಡಿ!"