ಹಕ್ಕಿ ಬರುವ ಮೊದಲೇ ಹಾರಿಹೋದ ಓದುಗರು

ಮನೆಗೆ ಬಂದವರು ಎದ್ದು ಹೊರಟರೆ ಚಹಾದ ನೆಪ ಹೇಳಿ ಕೂಡಿಸಬಹುದು. ಮೊಬೈಲಿನಲ್ಲಿ ಓದುವವರಿಗೆ ಚಹಾ ಕೊಡುವುದು ಹೇಗೆ? ಬೆರಳಿನಿಂದ ಒಮ್ಮೆ ಮೇಲಕ್ಕೆ ತಳ್ಳಿದರೆ ಮುಗಿಯಿತು, ನಾವು ಅವರ ಪಾಲಿಗೆ ಸತ್ತಂತೆ.

ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟವನು. ಆದರೂ ನನ್ನನ್ನು ಓದದವನು ಎನ್ನುವ ಧೈರ್ಯ ಬೆಟಗೇರಿಯಲ್ಲಿ ಯಾರಿಗೂ ಇಲ್ಲ. ಗದಗಿನ ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಲಗ್ನಪತ್ರಿಕೆಗಳ ಅಕ್ಷರ ಜೋಡಿಸಿದ್ದೇನೆ. ಜಿಲ್ಲೆ ಬೇರೆಯಾದಾಗ ಪತ್ರಿಕೆಗಳಲ್ಲಿ ‘ಜಿ: ಧಾರವಾಡ’ ತೆಗೆದು ‘ಜಿ: ಗದಗ’ ಕೂಡಿಸಿದ ಕೈ ಇದು. ಹೊಸ ಜಿಲ್ಲೆಯನ್ನು ಘೋಷಿಸಿದ್ದು ಸರ್ಕಾರ, ಖರೆ. ಮನೆಮನೆಗೆ ಮುಟ್ಟಿಸಿದವನು ನಾನು.

ಇಂಥವನಿಗೆ ಆನ್‌ಲೈನ್ ಪತ್ರಿಕೆ ನಡೆಸುವ ಈರಣ್ಣ ಒಂದು ಲೇಖನ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಹೆಂಡತಿ ಹಸೀನಾಳ ಜೊತೆ ಮಾಗಡಿ ಕೆರೆಯ ಹಕ್ಕಿ ನೋಡಿ ಬಂದದ್ದನ್ನೇ ಬರೆದೆ. ‘ಇನ್ನ ಮ್ಯಾಲ ನಾ ಲೇಖಕ’ ಎಂದು ಲಕ್ಷ್ಮೇಶ್ವರದ ಬೀಗರವರೆಗೆ ಫೋನು ಮಾಡಿಯೂ ಆಯಿತು. ಮೂರನೇ ದಿನ ಈರಣ್ಣ ಮನೆಗೇ ಬಂದು, ಮೊಬೈಲಿನಲ್ಲಿ ಬಾವಿಗೆ ಬಿದ್ದಂತೆ ಇಳಿದಿದ್ದ ಒಂದು ಗೆರೆ ತೋರಿಸಿದ.

“ಮೌಲಾಸಾಬ್ರ, ಓದವ್ರು ಎಲ್ಲೆಲ್ಲಿ ಬಿಟ್ಟು ಹೋದ್ರು ಅನ್ನೂದು ಇದರಾಗ ಕಾಣ್ತೈತಿ. ಹಕ್ಕಿ ಎಲ್ಲಿ ಅದಾವ್ರಿ?”

“ಕೆಳಗ ಬರ್ತಾವ, ತಡಿ.”

“ಅವು ಬರೂದ್ರಾಗ ಇವ್ರ ಹಾರಿ ಹೋಗ್ಯಾರ್ರಿ! ಇನ್ನೊಮ್ಮೆ ಬರೀರಿ. ಆಗ್ಲಿಲ್ಲಂದ್ರ ಬ್ಯಾರೆಯವ್ರಿಗೆ ಹೇಳ್ತೀನಿ.”

ತಪ್ಪು ನನ್ನದಲ್ಲ, ಲಗ್ನಪತ್ರಿಕೆಯದು. ಅದರಲ್ಲಿ ಮೊದಲು ದೇವರು, ಆಮೇಲೆ ಗುರುಗಳು, ಆಮೇಲೆ ಅಜ್ಜ, ಮುತ್ಯಾ, ಕಾಕಾ, ಸೋದರಮಾವ. ಮದುಮಗನ ಸರದಿ ಕಟ್ಟಕಡೆಗೆ. ಒಬ್ಬ ಕಾಕಾನ ಹೆಸರು ಬಿಟ್ಟರೂ ಹಂದರದಲ್ಲಿ ಜಗಳ. ಅದೇ ರೂಢಿಯಂತೆ ನಾನು ಕೆರೆ ಕಟ್ಟಿಸಿದವರಿಗೆ, ಶಿರಹಟ್ಟಿ ತಾಲೂಕಿನ ಹಿರಿಯರಿಗೆ, ದಾರಿಯಲ್ಲಿ ನೀರು ಕೊಟ್ಟವರಿಗೆ ಎಲ್ಲ ಮಾನ ಕೊಟ್ಟಿದ್ದೆ. ಹಕ್ಕಿಗಳು ಹನ್ನೊಂದನೇ ಪ್ಯಾರಾದಲ್ಲಿ ಇಳಿದಿದ್ದವು. ಈಗ ಬೀಗರಿಗೆ ಏನೆಂದು ಹೇಳಲಿ?

ಮರುದಿನ ಮುಂಜಾನೆ ನಳ ಬಂತು. ನಮ್ಮಲ್ಲಿ ನಳಕ್ಕೆ ನೀರು ಬರುವುದೆಂದರೆ ಹಬ್ಬ. ಒಂದು ಹನಿ ಚೆಲ್ಲಿದರೂ ಬೈಗುಳ. ಹೊರಗೆ ಹಸೀನಾ ಓಣಿಯ ಹೆಂಗಸರಿಗೆ ಏನೋ ಹೇಳುತ್ತಿದ್ದಳು.

“ಪಚಕ್ ಅಂತ ಬಿತ್ತು ನೋಡವಾ, ನಮ್ಮ ಸಾಹೇಬ್ರ ಹೊಸಾ ಟೊಪಿಗಿ ಮ್ಯಾಲ!”

“ಯಾವ ಹಕ್ಕೀದ?” ಎಂದಳು ಪಕ್ಕದ ಮನೆಯ ಶಂಕ್ರವ್ವ.

“ಮಾಗಡಿ ಕೆರಿ ಹೆಬ್ಬಾತಿಂದು. ‘ಹಿಮಾಲಯ ದಾಟಿ ಬಂದಾವ ನೋಡು’ ಅಂತ ಮ್ಯಾಲ ಬಟ್ಟು ತೋರಿಸಾಕ ಹತ್ತಿದ್ರು. ‘ಅಷ್ಟು ದೂರದಿಂದ ನಿಮಗಂತನ ತಂದಾವ, ಇಟ್ಕೋರಿ’ ಅಂದ್ನಿ!”

ಶಂಕ್ರವ್ವನ ಕೊಡ ತುಂಬಿ ಕಾಲಮೇಲೆ ಹರಿಯುತ್ತಿತ್ತು. ಅವಳಿಗೆ ಖಬರೇ ಇಲ್ಲ. ಬೆಟಗೇರಿಯಲ್ಲಿ ತುಂಬಿದ ಕೊಡ ಮರೆಸುವ ಮಾತು! ಅದನ್ನು ನೋಡಿದ ಮೇಲೆ ನನಗೆ ಬೇರೆ ಗೆರೆ ಬೇಕಾಗಲಿಲ್ಲ. ಒಳಗೆ ಹೋಗಿ ಕುಳಿತೆ. ಮೊದಲ ಸಾಲಿಗೇ ಟೊಪ್ಪಿಗೆಯ ಮೇಲೆ ಹಿಕ್ಕೆ ಬೀಳಿಸಿದೆ. ಹಿರಿಯರು ಕ್ಷಮಿಸಲಿ, ಅವರಿಗೆಲ್ಲ ಸೇರಿ ನಡುವೆ ಒಂದೇ ಸಾಲು.

ಎರಡು ದಿನದ ಮೇಲೆ ಈರಣ್ಣನ ಫೋನು. “ಕಡೀತನಾ ಓದ್ಯಾರ್ರಿ! ಬರೀರಿ ನೀವು, ವಾರಕ್ಕೊಂದು ಬರೀರಿ.” ಎದೆಯ ಮೇಲಿಂದ ಅಚ್ಚಿನ ಯಂತ್ರವನ್ನೇ ಇಳಿಸಿದಂತಾಯಿತು. ಬೀಗರಿಗೆ ಮತ್ತೊಮ್ಮೆ ಫೋನು ಮಾಡಿದೆ.

ಅದೇ ಉಮೇದಿನಲ್ಲಿ ಮೊಬೈಲನ್ನು ಹಸೀನಾಳ ಕೈಗೆ ಕೊಟ್ಟೆ. ಕೊಟ್ಟ ಮೇಲೆ ನೆನಪಾಯಿತು: ‘ನನಗಾಗಿಯೇ ತಂದಿವೆ’ ಎಂಬ ಮಾತನ್ನು ಕೊನೆಯ ಸಾಲಿನಲ್ಲಿ ನಾನೇ ಹೇಳಿ ನಕ್ಕೆನೆಂದು ಬರೆದುಕೊಂಡಿದ್ದೆ. ಖರೆ ಏನೆಂದರೆ, ಅಂದು ಸಿಟ್ಟಿನಲ್ಲಿ ಗದಗ ಮುಟ್ಟುವವರೆಗೆ ನಾನು ಅವಳೊಡನೆ ಮಾತೇ ಆಡಿರಲಿಲ್ಲ.

ಅವಳು ಚಷ್ಮಾ ಏರಿಸಿ ಎರಡು ಸಾಲು ಓದಿದಳು. “ಅಯ್ಯ, ಇದು ನನಗ ಗೊತ್ತಿದ್ದದ್ದ ಐತಿ. ಪಲ್ಯಾ ಸೀದೈತಿ ಅಲ್ಲೆ” ಎಂದು ಮೊಬೈಲು ತಿರುಗಿ ಕೊಟ್ಟು ಒಳಗೆ ಹೋದಳು.

ಓದುವವರು ಎರಡೇ ಸಾಲಿಗೆ ಎದ್ದುಹೋದರೆ ಎಷ್ಟು ಹಗುರವಾಗುತ್ತದೆ ಎಂಬುದು ನನಗೆ ತಿಳಿದದ್ದು ಆಗಲೇ.