ಓನರಮ್ಮನ ಮೆಸೇಜು ತಿದ್ದಿದ ಮೇಲೆ

ನನಗೆ ಹಾವಿನ ಭಯವಿಲ್ಲ, ಕತ್ತಲೆಯ ಭಯವಿಲ್ಲ. ಶಾಲೆಯ ಇನ್‌ಸ್ಪೆಕ್ಷನ್ ಭಯವೂ ಈಚೆಗೆ ಬಿಟ್ಟುಹೋಗಿದೆ. ಆದರೆ ಮೊಬೈಲು 'ಟಿಂಗ್' ಅಂದರೆ ಸಾಕು, ಎದೆ ಧಸಕ್ಕೆನ್ನುತ್ತದೆ. ಇದಕ್ಕೆಲ್ಲ ಕಾರಣ ನನ್ನದೇ ಬೆರಳು. ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ಅದಕ್ಕೆ ಕೆಟ್ಟ ಚಟ ಅಂಟಿದೆ. ತಪ್ಪಕ್ಷರ ಕಂಡರೆ ತಿದ್ದದೆ ಇರಲಾರದು. ಒಮ್ಮೆ ಸಾರಕ್ಕಿ ಮಾರ್ಕೆಟ್ಟಿನಲ್ಲಿ ಸೊಪ್ಪಿನವಳ ಹಲಗೆಯ ಮೇಲೆ ಒಂದು ಕೊಂಬು ಸೇರಿಸಲು ಹೋಗಿ, "ಅಕ್ಕ, ಬೋಣಿ ಟೈಮು. ಸೊಪ್ಪು ಬೇಕಾದ್ರೆ ತಗೊಳ್ಳಿ, ಇಲ್ಲಾಂದ್ರೆ ಮುಂದಕ್ಕೆ ಹೋಗಿ" ಎಂದು ಮಂಗಳಾರತಿ ಮಾಡಿಸಿಕೊಂಡಿದ್ದೇನೆ. ಅಷ್ಟೇಕೆ, ಮದುವೆಗೆ ಮುಂಚೆ ನನ್ನ ಗಂಡ ಬರೆದ ಮೊದಲ ಪತ್ರವನ್ನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಿದ ಮಹಾತಾಯಿ ನಾನು. ಆ ಪುಣ್ಯಾತ್ಮ ಅಂದಿನಿಂದ ಇಂದಿನವರೆಗೆ ದಿನಸಿ ಚೀಟಿಯನ್ನೂ ಬರೆದಿಲ್ಲ. "ಬಾಯಲ್ಲೇ ಹೇಳ್ತೀನಿ, ಬರ್ಕೋ" ಅನ್ನುತ್ತಾರೆ.

ನಾವಿರುವುದು ಪುಟ್ಟೇನಹಳ್ಳಿಯಲ್ಲಿ, ಬಾಡಿಗೆಗೆ, ಮೊದಲನೇ ಮಹಡಿಯಲ್ಲಿ. ಕೆಳಗೆ ಮನೆಯ ಓನರ್ ನಂಜಮ್ಮನವರು. ಈ ಬಿಲ್ಡಿಂಗ್ ಇರುವ ಜಾಗದಲ್ಲಿ ಹಿಂದೆ ರಾಗಿ ಬೆಳೆಯುತ್ತಿದ್ದವರು, ಈಗ ನಾಲ್ಕು ಮಹಡಿಯಷ್ಟು ಬಾಡಿಗೆದಾರರನ್ನು ಸಾಕುತ್ತಾರೆ. ಮಾತು ಒರಟು, ಕೈ ಧಾರಾಳ. ಭಾನುವಾರ ಬಂತೆಂದರೆ ಬಸ್ಸಾರೋ ಅವರೆಕಾಳು ಸಾರೋ ಸ್ಟೀಲ್ ಡಬ್ಬಿಯಲ್ಲಿ ಮೇಲೆ ಬರುತ್ತದೆ. ಖಾಲಿ ಡಬ್ಬಿ ಹಿಂದಿರುಗಿಸಬಾರದಲ್ಲ, ನಾನು ನಾಲ್ಕು ಚಕ್ಕುಲಿಯನ್ನೋ ಒಂದು ಹಿಡಿ ಅವಲಕ್ಕಿಯನ್ನೋ ಹಾಕಿ ಕೆಳಗೆ ಕೊಡುತ್ತೇನೆ. ಹೀಗೆ ಏಳು ವರ್ಷ ಸುಖವಾಗಿ ನಡೆದಿತ್ತು.

ಅಷ್ಟರಲ್ಲಿ ನಂಜಮ್ಮನವರು ಫೋನಿನಲ್ಲಿ ಕನ್ನಡ ಬರೆಯಲು ಕಲಿತರು. ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿಗೆ ಅವರ ಮೊದಲ ಮೆಸೇಜು ಬಂತು: ನಾಳೆ ಟ್ಯಾಂಕ್ ತೊಳೆಸುತ್ತೇವೆ, ಎಲ್ಲರೂ ನೀರು ಹಿಡಿದಿಟ್ಟುಕೊಳ್ಳಿ. ಮೂರು ಸಾಲು, ಒಂಬತ್ತು ತಪ್ಪು. ನಾನು ಒಂದು ಕೈಯಲ್ಲಿ ಒಗ್ಗರಣೆ ಹಾಕುತ್ತಿದ್ದೆ. ಇನ್ನೊಂದು ಕೈ ಒಂಬತ್ತನ್ನೂ ತಿದ್ದಿ, ತಿದ್ದಿದ ಗುರುತಿಗೆ ಮುಂದೆ ಒಂದೊಂದು ನಕ್ಷತ್ರ ಹಾಕಿ, ಗ್ರೂಪಿಗೇ ಕಳಿಸಿಬಿಟ್ಟಿತು. ಸಾಸಿವೆ ಸಿಡಿದು ಮುಗಿಯುವಷ್ಟರಲ್ಲಿ ಬುದ್ಧಿ ಬಂತು. ಅಯ್ಯೋ ದೇವರೇ! ಮುಂದಿನ ತಿಂಗಳು ನಮ್ಮ ಅಗ್ರಿಮೆಂಟ್ ಮುಗಿಯುತ್ತದೆ. ಮುಂದುವರಿಸುವುದು, ಖಾಲಿ ಮಾಡಿಸುವುದು ಎರಡೂ ಅವರ ಕೈಯಲ್ಲಿದೆ. ಗಡಿಬಿಡಿಯಲ್ಲಿ ಮೆಸೇಜು ಅಳಿಸಲು ಹೋಗಿ, 'ಎಲ್ಲರಿಗೂ ಅಳಿಸು' ಅನ್ನುವ ಬದಲು 'ನನಗೆ ಮಾತ್ರ ಅಳಿಸು' ಒತ್ತಿದೆ. ನನ್ನ ಫೋನಿನಲ್ಲಿ ಪಾಪ ತೊಳೆದುಹೋಯಿತು. ಉಳಿದ ಹದಿನಾರು ಫೋನುಗಳಲ್ಲಿ ಹಾಗೇ ಉಳಿಯಿತು.

ನಂಜಮ್ಮನವರು ಗ್ರೂಪಿನಲ್ಲಿ ಮತ್ತೆ ಒಂದಕ್ಷರ ಬರೆಯಲಿಲ್ಲ. ಆ ಭಾನುವಾರ ಸಾರು ಬರಲಿಲ್ಲ. ಮುಂದಿನ ಭಾನುವಾರವೂ ಬರಲಿಲ್ಲ. "ಮುಗೀತು ಕಣ್ರೀ, ಮನೆ ಖಾಲಿ ಮಾಡಿಸ್ತಾರೆ" ಎಂದು ಗಂಡನ ಮುಂದೆ ಅತ್ತುಕೊಂಡೆ. "ನಂಗೂ ಹೀಗೇ ಮಾಡಿದ್ಯಲ್ಲ, ನಾನು ಮದ್ವೆ ಆದೆ. ಅವ್ರೂ ಏನೋ ಒಂದು ಮಾಡ್ತಾರೆ ಬಿಡು" ಎಂದರು. ಸಮಾಧಾನವೋ ಶಾಪವೋ ತಿಳಿಯಲಿಲ್ಲ. ಈ ಮನೆಯಿಂದ ಶಾಲೆಗೆ ನಡೆದೇ ಹೋಗಬಹುದು. ಬೇಗೂರಿನ ಕಡೆ ಮನೆ ಸಿಕ್ಕರೆ ಎರಡು ಬಸ್ಸು ಹಿಡಿಯಬೇಕು. ನಂಜಮ್ಮನವರು ಎದುರಾದಾರೆಂದು ಕೆರೆಯ ಕಡೆ ವಾಕಿಂಗ್ ಬಿಟ್ಟೆ, ಅವರ ಬಾಗಿಲು ದಾಟುವಾಗ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ.

ಒಂದು ಸಂಜೆ ಕರೆ ಬಂದೇ ಬಂತು. "ಟೀಚರಮ್ಮ, ಒಸಿ ಕೆಳಗೆ ಬನ್ನಿ." ನಂಜಮ್ಮನವರು ಒಂದು ಹಾಳೆ ಮುಂದಿಟ್ಟರು. ಖಾಲಿ ಮಾಡುವ ನೋಟಿಸೇ ಎಂದುಕೊಂಡೆ. ನೋಡಿದರೆ, ಮೊಮ್ಮಗನ ಕಿವಿ ಚುಚ್ಚುವ ಶಾಸ್ತ್ರದ ಆಹ್ವಾನ ಪತ್ರಿಕೆ. "ನಾಳೆ ಪ್ರಿಂಟಿಗೆ ಕೊಡ್ಬೇಕು. ನಾನೇ ಬರ್ದಿದ್ದು. ಸರಿಯಾಗೈತಾ ನೋಡಿ" ಎಂದರು. ನಾಲ್ಕು ತಪ್ಪು ಅಲ್ಲೇ ಕುಳಿತು ನನ್ನನ್ನು ನೋಡುತ್ತಿದ್ದವು. ನಾನು ಹಾಳೆಯನ್ನು ಮಡಚಿ ಕೊಟ್ಟು, "ತುಂಬಾ ಚೆನ್ನಾಗಿದೆ ಅಮ್ಮಾ. ಒಂದೂ ತಪ್ಪಿಲ್ಲ" ಎಂದು ಬಂದೆ. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ, ಸುಳ್ಳೇಕೆ ಹೇಳಲಿ.

ನಾಲ್ಕು ದಿನಕ್ಕೆ ಅಚ್ಚಾದ ಪತ್ರಿಕೆಯ ಫೋಟೋ ಗ್ರೂಪಿಗೆ ಬಂತು. ನಾಲ್ಕು ತಪ್ಪೂ ಬಂಗಾರದ ಬಣ್ಣದಲ್ಲಿ ಮಿರಿಮಿರಿ ಮಿಂಚುತ್ತಿದ್ದವು. ಸುಖಾಗಮನ ಬಯಸುವವರ ಪಟ್ಟಿಯ ಕೆಳಗೆ ಇನ್ನೊಂದು ಸಾಲಿತ್ತು: 'ಅಕ್ಷರ ತಿದ್ದಿಕೊಟ್ಟವರು: ಕನ್ನಡ ಟೀಚರ್ ಶಾರದಾ ಮೇಡಂ, ಫಸ್ಟ್ ಫ್ಲೋರ್'. ಅದರಲ್ಲಿ ಮಾತ್ರ ಒಂದೂ ತಪ್ಪಿರಲಿಲ್ಲ. ಮೂರನೇ ಮಹಡಿಯ ಬ್ಯಾಚಲರ್ ಕಿರಣ್ ತಕ್ಷಣ ನಾಲ್ಕನ್ನೂ ತಿದ್ದಿ, ನಕ್ಷತ್ರ ಹಾಕಿ ಕಳಿಸಿದ. ನಂಜಮ್ಮನವರು ಸುಮ್ಮನಿರಲಿಲ್ಲ. "ಟೀಚರಮ್ಮ ನೋಡವ್ರೆ ಕಣಪ್ಪ. ಅವ್ರಿಗಿಂತ ಜಾಸ್ತಿ ಗೊತ್ತಾ ನಿಂಗೆ?" ಎಂದು ವಾಯ್ಸ್ ಮೆಸೇಜು ಹಾಕಿದರು. "ಸಾರಿ ಆಂಟಿ. ಮೇಡಂ, ನೀವೇ ಹೇಳಿ" ಎಂದು ಅವನು ಬರೆದ. ಇಡೀ ಬಿಲ್ಡಿಂಗ್ ಕಾಯುತ್ತಿತ್ತು. ಕಿರಣ್ ಸರಿಯೆಂದರೆ ಮನೆ ಹೋಗುತ್ತದೆ, ತಪ್ಪೆಂದರೆ ಇಪ್ಪತ್ತೆರಡು ವರ್ಷದ ಪಾಠ ಹೋಗುತ್ತದೆ. ಅರ್ಧ ಗಂಟೆ ಬರೆದು, ಅಳಿಸಿ, ಕೊನೆಗೆ ಕಣ್ಣು ಮುಚ್ಚಿ ಕಳಿಸಿದೆ: 'ಕಿರಣ್ ಹೇಳಿದ್ದು ಸರಿ. ನನಗೆ ತಪ್ಪು ಕಂಡಿತ್ತು. ಹೆದರಿ ಹೇಳಲಿಲ್ಲ. ಕ್ಷಮಿಸಿ.'

ಎರಡು ನಿಮಿಷಕ್ಕೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಗಂಡ ಮೆಲ್ಲಗೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡರು. ಬಾಗಿಲಲ್ಲಿ ನಂಜಮ್ಮನವರು ಏದುಸಿರು ಬಿಡುತ್ತ ನಿಂತಿದ್ದರು. "ನನ್ ಕಂಡ್ರೆ ಅಷ್ಟು ಭಯಾನಾ ಟೀಚರಮ್ಮ? ಆವತ್ತು ನಂಗೆ ಬೇಜಾರಾಗಿದ್ದು ದಿಟ. ಮೊಮ್ಮಗಳತ್ರ ಬೈಸ್ಕೊಂಡು ಬೈಸ್ಕೊಂಡು ಕಲ್ತಿದ್ದೆ. ಎಲ್ರ ಮುಂದೆ ಹೇಳ್ಬಾರ್ದಾಗಿತ್ತು ಅನ್ನಿಸ್ತು, ಅಷ್ಟೆ. ನಾನೇ ಕರ್ದು ಕೇಳಿದ್ರೂ ಹೇಳ್ಬೇಡಿ ಅಂದಿದ್ನಾ?" ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಮತ್ತೆ ಸಾರು ಬರಲಿಲ್ಲವಲ್ಲ ಅಮ್ಮಾ..." ಎಂದೆ. "ಡಬ್ಬಿ ನಿಮ್ಮನೇಲೇ ಕೂತೈತಲ್ಲ ತಾಯಿ, ಯಾವುದ್ರಲ್ಲಿ ಕಳಿಸ್ಲಿ?" ಎಂದರು. ಅವರ ಬಾಗಿಲು ತಟ್ಟುವ ಧೈರ್ಯವಿಲ್ಲದೆ ಡಬ್ಬಿಯನ್ನು ನಾನೇ ಇಟ್ಟುಕೊಂಡಿದ್ದೆ!

ಅಗ್ರಿಮೆಂಟ್ ಮುಂದುವರಿಯಿತು, ಸಾರೂ ಬಂತು. ಮೊನ್ನೆ ಅವರು ಗ್ರೂಪಿಗೆ ಮೋಟರ್ ರಿಪೇರಿಯ ಮೆಸೇಜು ಹಾಕಿದರು. ಐದು ತಪ್ಪು. ಈ ಸಲ ಮರ್ಯಾದೆಯಾಗಿ ಖುದ್ದಾಗಿಯೇ ಹೇಳೋಣ ಎಂದು ಡಬ್ಬಿಯನ್ನು ನೆಪವಾಗಿ ಹಿಡಿದು ಕೆಳಗಿಳಿದೆ. ಬಾಗಿಲು ತೆರೆಯಿತು. "ಏನು ಟೀಚರಮ್ಮ?" ಅಂದರು. "ಏನಿಲ್ಲಮ್ಮ, ಡಬ್ಬಿ ಕೊಡೋಣ ಅಂತ" ಎಂದೆ. ಅವರು ಮುಚ್ಚಳ ತೆಗೆದು ನೋಡಿದರು. ಭಯದಲ್ಲಿ ಒಳಗೆ ಏನೂ ಹಾಕಿರಲಿಲ್ಲ. ನಂಜಮ್ಮನವರು ಹೊರಗೆ ತಲೆ ಹಾಕಿ, ಮೆಟ್ಟಿಲ ಮೇಲೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು: "ಖಾಲಿ ಡಬ್ಬಿ ಕೊಡಬಾರ್ದು ತಾಯಿ. ಒಂದು ಚಿಟಿಕೆ ಸಕ್ಕರೆನಾದ್ರೂ ಹಾಕಿ."

ತಿದ್ದುವುದು ಹೇಗೆಂದು ಇಪ್ಪತ್ತೆರಡು ವರ್ಷದ ಮೇಲೆ ಕಲಿತು, ಸಕ್ಕರೆ ತರಲು ಮೇಲೆ ಬಂದೆ. ಆ ಐದು ತಪ್ಪುಗಳು ಗ್ರೂಪಿನಲ್ಲಿ ಇನ್ನೂ ಹಾಗೇ ಇವೆ.