ಹದಿನಾಲ್ಕನೇ ಹಾಸಿಗೆಯ ಹೊಟ್ಟೆನೋವು

ಬೆಳಿಗ್ಗೆ ಎಂಟೂವರೆಗೆ ರೆಕಾರ್ಡ್ ರೂಮಿನ ಗುಮಾಸ್ತ ಒಂದು ಸಣ್ಣ ಸುಳ್ಳು ಹೇಳಿದ. "ಸಿಸ್ಟರ್, ಯಾಕೋ ಹೊಟ್ಟೆನೋವು. ಅರ್ಧ ದಿನ ರಜೆ ಕೊಟ್ರೆ ಮನೆಗೆ ಹೋಗಿ ಮಲಗ್ತೀನಿ."

ಬೇರೆ ಯಾವ ಕಚೇರಿಯಲ್ಲಾದರೂ ಸಲೀಸಾಗಿ ದಾಟಿಹೋಗುವ ಸುಳ್ಳು ಇದು. ಆದರೆ ಇವನಿದ್ದದ್ದು ಮಿಷನ್ ಆಸ್ಪತ್ರೆಯಲ್ಲಿ, ಅದಕ್ಕೆ ಅಂಟಿಕೊಂಡೇ ಮೆಡಿಕಲ್ ಕಾಲೇಜು. ಅಲ್ಲಿ ಹೊಟ್ಟೆನೋವೆಂದು ಬಾಯಿಬಿಡುವುದು ಬೆಕ್ಕಿನ ಮುಂದೆ ಮೀನಿನ ಬುಟ್ಟಿ ಇಳಿಸಿದ ಹಾಗೆ.

ನಿಜ ಸಂಗತಿ ಬೇರೆಯೇ ಇತ್ತು. ಹೆಂಡತಿ ಮುನಿಸಿಕೊಂಡು ಅಣ್ಣನ ಮನೆ ಸೇರಿ ಮೂರು ವಾರವಾಗಿತ್ತು. ಹೇಳಿದ ಹೊತ್ತಿಗೆ ಗಂಡ ಒಂದು ದಿನವೂ ಬಂದವನಲ್ಲ ಎನ್ನುವುದು ಅವಳ ದೂರು. ಹಿಂದಿನ ದಿನ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದಳು: "ನಾಳೆ ನಾಲ್ಕರ ರೈಲಿಗೆ ಬರ್ತೀನಿ. ನೀವು ಸ್ಟೇಷನ್ನಿನಲ್ಲಿರಬೇಕು. ಇಲ್ಲಾಂದ್ರೆ ಆರರ ರೈಲಿಗೆ ವಾಪಸ್. ಆಮೇಲೆ ನಾನ್ಯಾರೋ ನೀವ್ಯಾರೋ."

ಇದನ್ನೇ ಹೇಳಿ ರಜೆ ಕೇಳಬಹುದಿತ್ತು. ಆದರೆ ಹೆಂಡತಿ ಅತ್ತಿಗೆಯ ಬಾಣಂತನಕ್ಕೆ ಹೋಗಿದ್ದಾಳೆಂದು ಆಸ್ಪತ್ರೆಗೆಲ್ಲ ಹೇಳಿಕೊಂಡು ತಿರುಗಿದ್ದ ಪುಣ್ಯಾತ್ಮ. ಈಗ ಮರ್ಯಾದೆ ಅಡ್ಡ ಬಂತು.

ಮೇಲ್ವಿಚಾರಕಿ ಸಿಸ್ಟರ್ ಕನ್ನಡಕದ ಮೇಲಿಂದ ನೋಡಿದರು. "ಹೊಟ್ಟೆನೋವಿರೋರನ್ನ ಮನೆಗೆ ಕಳಿಸೋದಕ್ಕಾ ಆ ಮಹಾತಾಯಿ ಸಮುದ್ರ ದಾಟಿ ಬಂದು ಇದನ್ನ ಕಟ್ಟಿದ್ದು?" ಎಂದು ಗೋಡೆಯ ಚಿತ್ರದತ್ತ ಕೈ ತೋರಿಸಿದರು. ಚಿತ್ರದಲ್ಲಿ ಸ್ಥಾಪಕಿ ಮಿಷನರಿ ಡಾಕ್ಟರಮ್ಮ, ನೂರು ವರ್ಷಗಳಿಂದ ಯಾರ ಸಬೂಬನ್ನೂ ನಂಬದ ಮುಖ ಮಾಡಿಕೊಂಡು ಕೂತಿದ್ದರು.

"ಅಷ್ಟೇನಿಲ್ಲ ಸಿಸ್ಟರ್, ಮಲಗಿದ್ರೆ ಹೋಗತ್ತೆ..."

"ಇಲ್ಲೇ ಮಲಗಿ. ನಮ್ಮಲ್ಲೇನು ಹಾಸಿಗೆಗೆ ಬರವಾ?"

ಗಾಲಿಕುರ್ಚಿ ಬಂತು. ಹತ್ತು ನಿಮಿಷದಲ್ಲಿ ಅವನ ಅಂಗಿ ಪ್ಯಾಂಟು ಕಪಾಟು ಸೇರಿದವು. ಮೈಮೇಲೆ ಬೆನ್ನ ಹಿಂದೆ ಲಾಡಿ ಕಟ್ಟುವ ಆಸ್ಪತ್ರೆಯ ಗೌನು ಬಂತು. ಅಂದು ಕೊನೆಯ ವರ್ಷದವರಿಗೆ ಪ್ರಾಕ್ಟಿಕಲ್ ಪರೀಕ್ಷೆ. ಒಬ್ಬೊಬ್ಬರಾಗಿ ಬಂದು ರೋಗಿಯನ್ನು ನೋಡಿ ಅವನಿಗೇನು ರೋಗವೆಂದು ಹೇಳಬೇಕು. ಅದಕ್ಕೆಂದು ಗೊತ್ತುಮಾಡಿದ್ದ ಹದಿನಾಲ್ಕನೇ ಹಾಸಿಗೆಯ ರೋಗಿ, ಕಾಫಿ ಕುಡಿದು ಬರುತ್ತೇನೆಂದು ಹೋದವನು ನಾಪತ್ತೆಯಾಗಿದ್ದ.

ಪ್ರೊಫೆಸರು ಗುಮಾಸ್ತನ ಹೊಟ್ಟೆಯನ್ನು ನಾಲ್ಕು ಕಡೆ ಒತ್ತಿ ನೋಡಿ, "ಹ್ಞೂಂ" ಎಂದು ಮೀಸೆಯಲ್ಲೇ ನಕ್ಕರು. "ಒಳ್ಳೇ ಹೊತ್ತಿಗೆ ದೇವರು ಕಳಿಸಿದ ನಿನ್ನ. ಅಲ್ಲಾಡದೆ ಮಲಗು."

ಮೊದಲು ಬಂದವನು ಉದ್ದನೆಯ ಹುಡುಗ. ಕೈ ಮಂಜುಗಡ್ಡೆ. "ಅಂಕಲ್, ಎಲ್ಲಿ ನೋವು ಅಂತ ಹೇಳ್ಬಿಡಿ. ನಮ್ಮಮ್ಮ ಹೊರಗೆ ಚಾಪೆಲ್‌ನಲ್ಲಿ ಮಂಡಿಯೂರಿ ಕೂತಿದ್ದಾರೆ" ಎಂದು ಪಿಸುಗುಟ್ಟಿದ. ಗುಮಾಸ್ತನ ಕರುಳು ಚುರುಕ್ ಎಂದಿತು. ಹುಡುಗನ ಕೈ ಆಗ ಎಲ್ಲಿತ್ತೋ ಅಲ್ಲೇ ನೋವೆಂದ. ಹುಡುಗ "ಅಪೆಂಡಿಕ್ಸ್" ಎಂದು ಬರೆದುಕೊಂಡು ಕೈಮುಗಿದು ಹೋದ. ಎರಡನೆಯವನಿಗೂ ಹಾಗೇ ಹೇಳಿದ್ದರಿಂದ ಪಿತ್ತಕೋಶದಲ್ಲಿ ಕಲ್ಲು ಹುಟ್ಟಿತು. ಮೂರನೆಯವನು ಕಲ್ಲಂಗಡಿ ಆರಿಸುವವನಂತೆ ಹೊಟ್ಟೆಯನ್ನು ತಟ್ಟಿ ತಟ್ಟಿ ಹುಣ್ಣು ಮಾಡಿಟ್ಟ.

ಕೊನೆಗೆ ಬಂದವಳು ಒಂದು ಸಲ ಫೇಲಾಗಿದ್ದ ಹುಡುಗಿ. ನೋವಿನ ಮಾತೇ ಎತ್ತದೆ, "ಅಂಕಲ್, ಅಷ್ಟೊಂದು ಹಳೇ ಫೈಲ್ ಇರತ್ತಲ್ಲ, ಬೇಕಾದ್ದನ್ನ ಹೇಗೆ ಹುಡುಕ್ತೀರಿ?" ಎಂದು ಕೇಳಿದಳು. ಇಪ್ಪತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಗುಮಾಸ್ತ ಕಪಾಟುಗಳ ಚರಿತ್ರೆಯನ್ನೇ ಬಿಚ್ಚಿದ. ಅವಳು ತಲೆಯಾಡಿಸುತ್ತ ಹೊಟ್ಟೆ ಒತ್ತಿ ನೋಡಿ, ಏನೋ ಗೀಚಿಕೊಂಡು ಹೋದಳು.

ಆಮೇಲೆ ಫಾದರ್ ಬಂದು ಕಣ್ಣು ಮುಚ್ಚಿ ದೀರ್ಘ ಪ್ರಾರ್ಥನೆ ಮಾಡಿದರು. ಗುಮಾಸ್ತ ಕಣ್ಣು ಬಿಟ್ಟುಕೊಂಡು ಗೋಡೆ ಗಡಿಯಾರ ನೋಡುತ್ತಿದ್ದ. ಮೂರೂಕಾಲು. ಫಾದರ್ ಬೆನ್ನಿಗೇ ಪಕ್ಕದ ಕೋಣೆಯ ಟೈಪಿಸ್ಟ್ ನುಗ್ಗಿದ. ಯಾವ ಸುದ್ದಿಯನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳದ ಅವನಿಗೆ ಎಲ್ಲರೂ ಇಟ್ಟ ಹೆಸರು ರೇಡಿಯೋ.

"ಏನಯ್ಯಾ, ಅಪೆಂಡಿಕ್ಸಂತೆ, ಕಲ್ಲಂತೆ, ಹುಣ್ಣಂತೆ! ಮೂರೂ ಒಟ್ಟಿಗೇನಾ?"

"ನಿನ್ನ ದಮ್ಮಯ್ಯ, ಸ್ಟೇಷನ್ನಿಗೆ ಓಡು. ನಾಲ್ಕಕ್ಕೆ ನನ್ನ ಹೆಂಡ್ತಿ ಇಳೀತಾಳೆ. ಸ್ವಲ್ಪ ಹೊಟ್ಟೆನೋವು, ಬರೋಕಾಗ್ಲಿಲ್ಲ ಅಂತ ಹೇಳು. ಅಷ್ಟೇ ಹೇಳು."

"ಬಾಣಂತನ ಮುಗೀತಾ?"

"ಮುಗೀತಪ್ಪಾ, ಓಡು!"

ರೇಡಿಯೋ ಅಷ್ಟಕ್ಕೇ ನಿಲ್ಲಿಸುತ್ತದೆಯೇ? ನಾಲ್ಕೂವರೆಗೆ ಹೆಂಡತಿ ಚೀಲದ ಸಮೇತ ವಾರ್ಡಿಗೆ ಓಡಿಬಂದು ಹಾಸಿಗೆಯ ಮೇಲೆ ಕುಸಿದಳು. "ಮೂರು ಕಡೆ ಕೊಯ್ತಾರಂತೆ! ನಾನು ಪಾಪಿ, ಇಂಥೋರ ಮೇಲೆ ಹಠ ಸಾಧಿಸ್ದೆ. ಇನ್ನು ನಿಮ್ಮನ್ನ ಬಿಟ್ಟು ಎಲ್ಲಿಗೂ ಹೋಗಲ್ಲ ಕಣ್ರೀ" ಎಂದು ಅವನ ಕೈ ಹಿಡಿದು ಅತ್ತಳು. ಗುಮಾಸ್ತನ ಕಣ್ಣೂ ತುಂಬಿತು. ಖಾಲಿ ಮನೆಯಲ್ಲಿ ಮೂರು ವಾರ ಅವನಿಗೆ ಬೇಕೆನಿಸಿದ್ದು ಈ ಕೈಯೊಂದೇ. ಮೂರು ಕಡೆಯಲ್ಲ, ಆರು ಕಡೆ ಕೊಯ್ದರೂ ಸರಿ ಎಂದುಕೊಂಡು ಸಣ್ಣಗೆ ನರಳಿದ.

ಅಷ್ಟರಲ್ಲಿ ಪ್ರೊಫೆಸರು ನಾಲ್ವರು ವಿದ್ಯಾರ್ಥಿಗಳನ್ನೂ ಸಿಸ್ಟರನ್ನೂ ಕರೆದುಕೊಂಡು ಬಂದರು. "ಮೂರು ಜನ ಮೂರು ರೋಗ ಬರೆದಿದ್ದೀರಿ. ನೀನೇನಮ್ಮ ಬರೆದಿದ್ದು?"

ಹುಡುಗಿ ಗೀಚಿಕೊಂಡಿದ್ದ ಹಾಳೆ ತೆಗೆದಳು. "ಇವರಿಗೆ ಏನೂ ಇಲ್ಲ ಸರ್. ಬರೀ ನಾಟಕ. ಫೈಲಿನ ಮಾತು ತೆಗೆದೆ. ಆಗ ಎಷ್ಟು ಜೋರಾಗಿ ಒತ್ತಿದ್ರೂ ಅವರಿಗೆ ಗೊತ್ತೇ ಆಗ್ಲಿಲ್ಲ."

"ಶಭಾಷ್! ನೀನೊಬ್ಬಳೇ ಪಾಸು." ಪ್ರೊಫೆಸರು ಪಾಠದ ದನಿಗೆ ಹೊರಳಿದರು. "ನೆನಪಿಟ್ಕೊಳ್ಳಿ. ಗಂಡಸು ಸುಳ್ಳು ಹೊಟ್ಟೆನೋವು ತಂದ್ಕೊಳ್ಳೋದು ಎರಡೇ ಕಾರಣಕ್ಕೆ. ಒಂದು ಕೆಲಸ ತಪ್ಪಿಸ್ಕೊಳ್ಳೋಕೆ, ಇನ್ನೊಂದು ಹೆಂಡ್ತಿಯಿಂದ ತಪ್ಪಿಸ್ಕೊಳ್ಳೋಕೆ."

ಹೆಂಡತಿ ಹಿಡಿದಿದ್ದ ಕೈಯನ್ನು ಬಿಟ್ಟಳು.

"ಇಲ್ಲ ಕಣೇ, ನಾನು ಸ್ಟೇಷನ್ನಿಗೆ ಬರೋಕೆ ಅಂತಾನೇ ಸುಳ್ಳು ಹೇಳಿದ್ದು! ಬೇಕಾದ್ರೆ ಸಿಸ್ಟರನ್ನ ಕೇಳು!"

ಸಿಸ್ಟರ್ ಜನ್ಮದಲ್ಲಿ ಸುಳ್ಳು ಹೇಳಿದವರಲ್ಲ. "ಸ್ಟೇಷನ್ ಮಾತು ನನ್ನ ಹತ್ರ ಆಡಿಲ್ಲಮ್ಮ. ಮನೆಗೆ ಹೋಗಿ ಮಲಗ್ತೀನಿ ಅಂದ್ರು."

"ನಾನು ಬರೋ ಹೊತ್ತಿಗೆ ಮನೇಲಿ ಮಲಗೋ ಪ್ಲಾನು!" ಹೆಂಡತಿ ಚೀಲ ಎತ್ತಿಕೊಂಡಳು. "ಮಲಗಿ. ಚೆನ್ನಾಗಿ ಮಲಗಿ. ಆರರ ರೈಲಿಗೆ ಇನ್ನೂ ಹೊತ್ತಿದೆ."

ಗುಮಾಸ್ತ ಹಾಸಿಗೆಯಿಂದ ಹಾರಿದ. ಒಂದು ಕೈಯಲ್ಲಿ ಬೆನ್ನ ಹಿಂದಿನ ಲಾಡಿ ಹಿಡಿದುಕೊಂಡು ಅಂಗಳ ದಾಟಿ ಗೇಟಿಗೆ ಓಡಿದ. ಹೊರಗೆ ಹೆಂಡತಿ ಆಟೋ ಹತ್ತುತ್ತಿದ್ದಳು. ನಿನ್ನೆಯಷ್ಟೇ ಕೆಲಸಕ್ಕೆ ಸೇರಿದ್ದ ಕಾವಲುಗಾರ ಗೇಟಿಗೆ ಅಡ್ಡ ನಿಂತ.

"ಪೇಷೆಂಟನ್ನ ಹಂಗೆಲ್ಲ ಬಿಡಲ್ಲ ಸ್ವಾಮಿ. ಡಿಸ್ಚಾರ್ಜ್ ಚೀಟಿ ತನ್ನಿ, ರೆಕಾರ್ಡ್ ರೂಮಿನ ಮುದ್ರೆ ಇರಬೇಕು."

"ಅಯ್ಯೋ, ಆಮೇಲೆ ತರ್ತೀನಿ, ಬಿಡಪ್ಪಾ!"

"ಇವತ್ತಂತೂ ಆಗಲ್ಲ ಬಿಡಿ. ಮುದ್ರೆ ಹಾಕೋ ಗುಮಾಸ್ತರು ರಜೆ. ಪಾಪ, ಏನೋ ಹೊಟ್ಟೆನೋವಂತೆ."